ಸಾಧನೆ ಅಳಿಸಿ ಪ್ರಮೇಯ ಉಳಿಸಿದ ಮಿಲ್ನರ್

ಶಾಲೆಯ ರೇಖಾಗಣಿತದಲ್ಲಿ ಪ್ರಮೇಯ ಸಾಧಿಸುವಾಗ ಪ್ರತಿ ಹೆಜ್ಜೆಗೂ ಕಾರಣ ಬರೆಯುತ್ತಿದ್ದೆವು, ಅಲ್ವಾ? ಇಂಥ ಕೆಲಸವನ್ನು ಕಂಪ್ಯೂಟರ್‌ನಿಂದ ಮಾಡಿಸಲು 1972ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿದ್ದ ಕಂಪ್ಯೂಟರ್ ವಿಜ್ಞಾನಿ ರಾಬಿನ್ ಮಿಲ್ನರ್ ಎಲ್‌ಸಿಎಫ್ ಎಂಬ ಪ್ರೋಗ್ರಾಮ್ ಕಟ್ಟಿದರು. ಅದು ಸಾಧನೆಯ ಎಲ್ಲ ಹೆಜ್ಜೆಗಳನ್ನೂ ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತಿತ್ತು. ಸಾಧನೆ ಉದ್ದವಾದರೆ ಜಾಗ ಸಾಲುತ್ತಿರಲಿಲ್ಲ.

1973ರಲ್ಲಿ ಮಿಲ್ನರ್ ಎಡಿನ್‌ಬರೋ ವಿಶ್ವವಿದ್ಯಾಲಯಕ್ಕೆ ಬಂದರು. ಅಲ್ಲಿ ಹೊಸ ಯೋಚನೆ ಹುಟ್ಟಿತು: ಹೆಜ್ಜೆಗಳನ್ನು ಅಳಿಸಿ, ಪ್ರಮೇಯವನ್ನಷ್ಟೇ ಉಳಿಸಿಕೊಳ್ಳೋಣ. ಆದರೆ ಅದು ನಿಜಕ್ಕೂ ಸಾಧಿಸಿದ್ದೋ, ಯಾರೋ ಸುಮ್ನೆ ಬರೆದಿಟ್ಟಿದ್ದೋ ಗೊತ್ತಾಗುವುದು ಹೇಗೆ?

ಇದಕ್ಕೆ ಉತ್ತರ ಕೊಟ್ಟಿದ್ದು ಟೈಪ್. ಒಂದು ಮಾಹಿತಿ ಸಂಖ್ಯೆಯೋ, ಅಕ್ಷರಗಳ ಸಾಲೋ, ಇನ್ನೇನೋ ಎಂದು ಹೇಳುವುದೇ ಟೈಪ್. ಮಿಲ್ನರ್ ತಂಡ ‘ಪ್ರಮೇಯ’ವನ್ನೂ ಒಂದು ಟೈಪ್ ಮಾಡಿತು. ಆ ಟೈಪಿನ ವಸ್ತುವನ್ನು ತಯಾರಿಸಲು ತರ್ಕದ ನಿಯಮಗಳಿಗೆ ಮಾತ್ರ ಅವಕಾಶ. ಬೇರೆ ದಾರಿಯಲ್ಲಿ ಪ್ರಮೇಯ ಹುಟ್ಟಿಸಲು ಹೋದರೆ ಕಂಪೈಲರ್ (ನಾವು ಬರೆದ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ತಿರುಗಿಸುವ ಸಾಧನ) ಒಪ್ಪುವುದಿಲ್ಲ. ಹಾಗಾಗಿ ಕೈಯಲ್ಲಿ ಪ್ರಮೇಯ ಇದೆ ಅಂದರೆ ಅದು ನಿಯಮಗಳ ಮೂಲಕವೇ ಬಂದಿರಬೇಕು. ನನಗಂತೂ ಇದು ಕಂಪ್ಯೂಟರ್ ವಿಜ್ಞಾನದ ಅತಿ ಸೊಗಸಾದ ಯೋಚನೆಗಳಲ್ಲಿ ಒಂದು. ಇದಕ್ಕೆಂದೇ ಎಂಎಲ್ ಎಂಬ ಪ್ರೋಗ್ರಾಮಿಂಗ್ ಭಾಷೆ ಹುಟ್ಟಿತು.

ಎಲ್ಲ ಕಡೆ ಟೈಪ್ ಬರೆಯುತ್ತಾ ಕೂತರೆ ಬೇಜಾರಾಗುತ್ತದೆ. ಎಂಎಲ್‌ನಲ್ಲಿ ಆ ಕಷ್ಟವೂ ಕಡಿಮೆ. ಯಾವುದೋ ಒಂದು ಮಾಹಿತಿಗೆ ನೀವು 1 ಕೂಡಿಸಿದರೆ, ಅದು ಸಂಖ್ಯೆಯೇ ಇರಬೇಕು ಎಂದು ಕಂಪೈಲರ್ ತಾನೇ ಊಹಿಸುತ್ತದೆ. ಪಟ್ಟಿಯ ಉದ್ದ ಎಣಿಸುವ ಫಂಕ್ಷನ್‌ಗೆ (ಅಂದರೆ ಒಂದು ಕೆಲಸ ಮಾಡಿಕೊಡುವ ಪ್ರೋಗ್ರಾಮಿನ ತುಣುಕಿಗೆ) ಪಟ್ಟಿಯಲ್ಲಿ ಏನಿದ್ದರೂ ನಡೆಯುತ್ತದೆ, ಅದನ್ನೂ ಕಂಡುಕೊಳ್ಳುತ್ತದೆ. ಈ ವಿಧಾನವನ್ನು ಮಿಲ್ನರ್ 1978ರಲ್ಲಿ ವಿವರಿಸಿದರು. ತರ್ಕಶಾಸ್ತ್ರದ ಕಡೆಯಿಂದ ರೋಜರ್ ಹಿಂಡ್ಲಿ 1969ರಲ್ಲೇ ಇದನ್ನು ತಲುಪಿದ್ದರಿಂದ ಇಬ್ಬರ ಹೆಸರೂ ಅದಕ್ಕೆ ಸೇರಿದೆ. ಹ್ಯಾಸ್ಕೆಲ್, ಒಕ್ಯಾಮಲ್ ಭಾಷೆಗಳ ಬುನಾದಿಯಲ್ಲಿ ಇರುವುದು ಇದೇ.

ಉದ್ದ ಎಣಿಸುವ ಫಂಕ್ಷನ್ ಒಂದು ಸಂಖ್ಯೆ ಕೊಡುತ್ತದೆ ಎಂದಷ್ಟೇ ಈ ಟೈಪ್ ಹೇಳುತ್ತದೆ. ಸರಿಯಾದ ಸಂಖ್ಯೆ ಕೊಡುತ್ತದೆ ಎನ್ನಲು ಬೇರೆ ಸಾಧನೆ ಬೇಕು. ಅಲ್ಲೂ ನೆರವಿಗೆ ಬರುವುದು ಪ್ರಮೇಯವನ್ನೇ ಟೈಪ್ ಮಾಡುವ ಎಡಿನ್‌ಬರೋದ ಆ ಹಳೆಯ ಉಪಾಯವೇ. ಅದನ್ನೇ ನೆಚ್ಚಿಕೊಂಡ ಇಸಾಬೆಲ್ ಎಂಬ ಸಾಧನ ಬಳಸಿ, 2009ರಲ್ಲಿ ಸಿಡ್ನಿಯ ಸಂಶೋಧಕರು ಎಸ್‌ಇಎಲ್4 ಎಂಬ ಆಪರೇಟಿಂಗ್ ಸಿಸ್ಟಮ್ ಕರ್ನಲ್‌ನ (ಅಂದರೆ ಅದರ ತಿರುಳಿನ ಭಾಗದ) ಸಿ ಭಾಷೆಯ ಸುಮಾರು 8,700 ಸಾಲು ಕೋಡ್, ಅದಕ್ಕೆ ಬರೆದ ವಿವರಣೆಯಂತೆಯೇ ನಡೆಯುತ್ತದೆ ಎಂದು ಸಾಧಿಸಿ ತೋರಿಸಿದರು.