ಜಪಾನಿನ ರೆಸ್ಲಿಂಗ್ ಸಂಸ್ಥೆಗಳು ಒಡೆದದ್ದು ಯಾಕೆ?

1995ರ ಏಪ್ರಿಲ್ 2ರಂದು ಟೋಕಿಯೋ ಡೋಮ್‌ನಲ್ಲಿ ಒಂದು ಅಪರೂಪದ ಕೂಟ ನಡೆಯಿತು. ‘ವೀಕ್ಲಿ ಪ್ರೊ ರೆಸ್ಲಿಂಗ್’ ಎಂಬ ವಾರಪತ್ರಿಕೆ 13 ರೆಸ್ಲಿಂಗ್ ಸಂಸ್ಥೆಗಳನ್ನು ಒಂದೇ ದಿನ ಒಂದೇ ರಿಂಗ್‌ಗೆ ಕರೆತಂದಿತ್ತು. ‘ವಾರ್’ ಎಂಬ ಇನ್ನೊಂದು ಸಂಸ್ಥೆ ಈ ಕೂಟಕ್ಕೆ ಬರಲಿಲ್ಲ. ಅದೇ ದಿನ ಪಕ್ಕದ ಕೊರಾಕುಎನ್ ಹಾಲ್‌ನಲ್ಲಿ ತನ್ನದೇ ಪಂದ್ಯಗಳನ್ನು ನಡೆಸಿತು.

ಅದಕ್ಕೂ ಸುಮಾರು ಮೂವತ್ತೈದು ವರ್ಷ ಹಿಂದೆ ಆ ದೇಶದಲ್ಲಿ ಲೆಕ್ಕಕ್ಕೆ ಬರುವಂಥ ರೆಸ್ಲಿಂಗ್ ಸಂಸ್ಥೆ ಇದ್ದದ್ದು ಒಂದೇ. ಒಂದು ಇಷ್ಟೊಂದು ಆಗಿದ್ದು ಹೇಗೆ? ಜೈಂಟ್ ಬಾಬಾ, ಆಂಟೋನಿಯೊ ಇನೋಕಿ ಎಂಬ ಇಬ್ಬರು ದೊಡ್ಡ ಪೈಲ್ವಾನರಿಗೆ ಪರಸ್ಪರ ಆಗಿಬರಲಿಲ್ಲ, ಅದಕ್ಕೇ ಎಲ್ಲ ಒಡೆಯಿತು ಎಂದು ಅಭಿಮಾನಿಗಳು ಹೇಳುತ್ತಾರೆ. ಅದರಲ್ಲಿ ಸ್ವಲ್ಪ ನಿಜವಿದೆ. ಆದರೆ ಯಾವ ಚಾನೆಲ್ ಯಾವಾಗ ಯಾರ ಜೊತೆ ಒಪ್ಪಂದ ಮಾಡಿಕೊಂಡಿತು, ಯಾವಾಗ ಕೈಬಿಟ್ಟಿತು ಎಂಬುದನ್ನು ಪಕ್ಕದಲ್ಲಿಟ್ಟು ನೋಡಿದರೆ ಕಥೆ ಬೇರೆಯೇ ಕಾಣುತ್ತದೆ. ಈ ಇತಿಹಾಸ ಹುಡುಕುವವರು ಮೊದಲು ನೋಡಬೇಕಾದದ್ದು ರಿಂಗ್ ಅಲ್ಲ, ಟಿವಿ.

ಜಪಾನಿನಲ್ಲಿ ಟಿವಿ ಪ್ರಸಾರ ಶುರುವಾಗಿದ್ದು 1953ರಲ್ಲಿ. ಫೆಬ್ರವರಿಯಲ್ಲಿ ಸಾರ್ವಜನಿಕ ಚಾನೆಲ್ ಎನ್‌ಎಚ್‌ಕೆ, ಆಗಸ್ಟ್‌ನಲ್ಲಿ ಖಾಸಗಿ ಚಾನೆಲ್ ನಿಪ್ಪಾನ್ ಟಿವಿ. ಮನೆಗೊಂದು ಟಿವಿ ಕೊಳ್ಳುವ ಶಕ್ತಿ ಜನರಿಗೆ ಇರಲಿಲ್ಲ. ನೋಡುವವರೇ ಇಲ್ಲದಿದ್ದರೆ ಜಾಹೀರಾತು ಕೊಡುವವರು ಯಾರು? ನಿಪ್ಪಾನ್ ಟಿವಿ ಕಟ್ಟಿದ ಮತ್ಸುತಾರೊ ಶೋರಿಕಿ ರಸ್ತೆ ಬದಿಯಲ್ಲಿ, ರೈಲು ನಿಲ್ದಾಣಗಳ ಎದುರು ಟಿವಿಗಳನ್ನು ಇಡಿಸಿದರು. ಅವುಗಳ ಮುಂದೆ ಜನ ನಿಲ್ಲಬೇಕಾದರೆ ಒಳ್ಳೆಯ ಆಟವೊಂದು ಬೇಕಿತ್ತು.

ಅದನ್ನು ಕೊಟ್ಟವರು ರಿಕಿದೋಜಾನ್. ಅವರು ಸುಮೋದಲ್ಲಿ ಸೆಕಿವಾಕೆ ಎಂಬ ಮೇಲಿನ ದರ್ಜೆಗೆ ಏರಿದ್ದರು. 1950ರಲ್ಲಿ ಸುಮೋ ಬಿಟ್ಟು, ಹವಾಯಿಯಲ್ಲಿ ತರಬೇತಿ ಪಡೆದು ಬಂದು, 1953ರಲ್ಲಿ ಜಪಾನ್ ಪ್ರೊ ರೆಸ್ಲಿಂಗ್ ಸಂಸ್ಥೆಯನ್ನು ಕಟ್ಟಿದರು. 1954ರ ಫೆಬ್ರವರಿ 19ರಂದು ಟೋಕಿಯೋದ ಕುರಾಮಾಯೆ ಕೊಕುಗಿಕಾನ್‌ನಲ್ಲಿ ಅವರು ಜೂಡೋ ದಿಗ್ಗಜ ಮಸಾಹಿಕೊ ಕಿಮುರಾ ಜೊತೆ ಸೇರಿ ಶಾರ್ಪ್ ಸಹೋದರರ ವಿರುದ್ಧ ಇಳಿದರು. ಎರಡೂ ಚಾನೆಲ್‌ಗಳು ಅದನ್ನು ತೋರಿಸಿದವು. ರಸ್ತೆ ಟಿವಿಗಳ ಮುಂದೆ ಜನ ಕಿಕ್ಕಿರಿದು ನಿಂತರು. ಯುದ್ಧದಲ್ಲಿ ಸೋತು ಇನ್ನೂ ಒಂಬತ್ತು ವರ್ಷ ಆಗಿರಲಿಲ್ಲ. ಅಮೆರಿಕನ್ ಆಡಳಿತ ಮುಗಿದು ಎರಡು ವರ್ಷವೂ ಆಗಿರಲಿಲ್ಲ. ದೈತ್ಯ ಬಿಳಿಯರನ್ನು ತಮ್ಮವನೊಬ್ಬ ಅಂಗೈಯಿಂದ ಹೊಡೆದು ಕೆಡವುವುದನ್ನು ನೋಡಿದಾಗ ಆ ಜನಕ್ಕೆ ಏನನ್ನಿಸಿರಬೇಕು!

ಆದರೆ ನೋಡಿ, ಶಾರ್ಪ್ ಸಹೋದರರು ಅಮೆರಿಕದವರಲ್ಲ, ಕೆನಡಾದವರು. ರಿಕಿದೋಜಾನ್ ಹುಟ್ಟಿದ್ದು ಇಂದಿನ ಉತ್ತರ ಕೊರಿಯಾದಲ್ಲಿ. ಹುಟ್ಟು ಹೆಸರು ಕಿಮ್ ಸಿನ್-ರಾಕ್. ಕೊರಿಯನ್ನರನ್ನು ಕೀಳಾಗಿ ಕಾಣುತ್ತಿದ್ದ ಕಾಲ ಅದು. ಹಾಗಾಗಿ ಊರು ನಾಗಸಾಕಿಯ ಓಮುರಾ ಎಂದು ದಾಖಲೆಯಲ್ಲಿ ಬರೆಸಲಾಗಿತ್ತು. ಅವರು ಬದುಕಿರುವ ತನಕ ಸಾಮಾನ್ಯ ಅಭಿಮಾನಿಗಳಿಗೆ ಇದು ಗೊತ್ತಿರಲಿಲ್ಲ. ಈ ಆಟದ ಮೊದಲ ನಾಯಕನ ಹುಟ್ಟೂರೇ ಅಧಿಕೃತ ದಾಖಲೆಯಲ್ಲಿ ತಪ್ಪಾಗಿದೆ ಎಂದರೆ, ಉಳಿದ ದಾಖಲೆಗಳನ್ನು ಎಷ್ಟು ಹುಷಾರಾಗಿ ಓದಬೇಕು ಅಲ್ವಾ?

ಆ ಶುರುವಿನ ದಿನಗಳಲ್ಲಿ ಭಾರತೀಯರೂ ಅಲ್ಲಿದ್ದರು. 1955ರ ನವೆಂಬರ್‌ನಲ್ಲಿ ಏಷ್ಯಾದ ಜೋಡಿ ಪಂದ್ಯಗಳ ಪ್ರಶಸ್ತಿ ಬೆಲ್ಟ್ ಮೊದಲ ಬಾರಿಗೆ ಹೋದದ್ದು ಭಾರತದ ಟೈಗರ್ ಜೋಗಿಂದರ್ ಸಿಂಗ್ ಮತ್ತು ಅವರ ಜೊತೆಗಾರ ಕಿಂಗ್ ಕಾಂಗ್ ಕೈಗೆ. ದಾರಾ ಸಿಂಗ್ ಜೊತೆಗಿನ ಪಂದ್ಯಗಳಿಂದ ನಮ್ಮ ಹಿರಿಯರಿಗೂ ಗೊತ್ತಿರುವ ಅದೇ ಕಿಂಗ್ ಕಾಂಗ್.

ಮುಂದಿನ ದಿನಗಳಲ್ಲಿ ಶುಕ್ರವಾರ ರಾತ್ರಿ ಎಂಟು ಗಂಟೆ ಎಂದರೆ ರೆಸ್ಲಿಂಗ್ ಎಂದಾಯಿತು. ಪ್ರಾಯೋಜಕರು ಮಿತ್ಸುಬಿಷಿ ಎಲೆಕ್ಟ್ರಿಕ್. ಪಂದ್ಯಗಳ ನಡುವೆ ಆ ಕಂಪನಿಯ ವ್ಯಾಕ್ಯೂಮ್ ಕ್ಲೀನರ್‌ನಿಂದಲೇ ರಿಂಗ್ ಗುಡಿಸುತ್ತಿದ್ದರು. 1963ರ ಮೇ 24ರಂದು ಮುಖವಾಡದ ಪೈಲ್ವಾನ ಡೆಸ್ಟ್ರಾಯರ್ ವಿರುದ್ಧ ರಿಕಿದೋಜಾನ್ ಆಡಿದ ಪಂದ್ಯಕ್ಕೆ ಸಿಕ್ಕ ರೇಟಿಂಗ್ 64 ಶೇಕಡಾ. ಅದೇ ಡಿಸೆಂಬರ್‌ನಲ್ಲಿ ಟೋಕಿಯೋದ ನೈಟ್‌ಕ್ಲಬ್ ಒಂದರಲ್ಲಿ ಅವರಿಗೆ ಚಾಕು ಇರಿತವಾಯಿತು. ಡಿಸೆಂಬರ್ 15ರಂದು ತೀರಿಕೊಂಡರು.

ಆಮೇಲೆ ಆಗಿದ್ದು ಯಜಮಾನ ತೀರಿಕೊಂಡ ಕೂಡುಕುಟುಂಬದ ಕಥೆ. ಅವರ ಇಬ್ಬರು ಶಿಷ್ಯರು 1960ರ ಸೆಪ್ಟೆಂಬರ್ 30ರಂದು, ಒಂದೇ ದಿನ ರಿಂಗ್‌ಗೆ ಇಳಿದಿದ್ದರು. ಒಬ್ಬರು ಬೇಸ್‌ಬಾಲ್ ಬಿಟ್ಟು ಬಂದ ಎರಡು ಮೀಟರ್ ಎತ್ತರದ ಜೈಂಟ್ ಬಾಬಾ. ಇನ್ನೊಬ್ಬರು ಬ್ರೆಜಿಲ್‌ಗೆ ವಲಸೆ ಹೋಗಿದ್ದ ಕುಟುಂಬದ ಆಂಟೋನಿಯೊ ಇನೋಕಿ. 1966ರಲ್ಲಿ ಇನೋಕಿ ಹೊರಗೆ ಬಂದು ‘ಟೋಕಿಯೋ ಪ್ರೊ ರೆಸ್ಲಿಂಗ್’ ಸೇರಿದರು. ಅದು ಬೇಗ ಮುಚ್ಚಿತು, ಅವರು ಮರಳಿ ಬಂದರು. ಅದೇ ವರ್ಷ ಹುಟ್ಟಿದ ‘ಇಂಟರ್‌ನ್ಯಾಷನಲ್’ ಸಂಸ್ಥೆ ಮಾತ್ರ ಹದಿನೈದು ವರ್ಷ ಬದುಕಿತು. ಯಾಕೆಂದರೆ 1968ರಿಂದ ಅದಕ್ಕೆ ಟಿಬಿಎಸ್ ಚಾನೆಲ್ ಸಿಕ್ಕಿತು.

ದೊಡ್ಡ ಬಿರುಕು ಬಿಟ್ಟದ್ದು 1971 ಮತ್ತು 1973ರ ನಡುವೆ. ಇಲ್ಲಿ ದಿನಾಂಕಗಳನ್ನು ನಿಧಾನವಾಗಿ ನೋಡಬೇಕು. ರಿಕಿದೋಜಾನ್ ಕಟ್ಟಿದ ಮೂಲ ಸಂಸ್ಥೆಯ ಪಂದ್ಯಗಳನ್ನು 1969ರಿಂದ ಎರಡು ಚಾನೆಲ್‌ಗಳು ತೋರಿಸುತ್ತಿದ್ದವು. ಹಳೆಯ ನಿಪ್ಪಾನ್ ಟಿವಿಗೆ ಬಾಬಾ. ಹೊಸದಾಗಿ ಬಂದ ಎನ್‌ಇಟಿಗೆ, ಅಂದರೆ ಈಗಿನ ಟಿವಿ ಅಸಾಹಿಗೆ, ಇನೋಕಿ. ಬಾಬಾ ಪಂದ್ಯ ಎನ್‌ಇಟಿಯಲ್ಲಿ ಬರಬಾರದು ಎಂಬುದು ನಿಪ್ಪಾನ್ ಟಿವಿಯ ಷರತ್ತು. 1971ರ ಡಿಸೆಂಬರ್‌ನಲ್ಲಿ ಸಂಸ್ಥೆ ಇನೋಕಿಯನ್ನು ಹೊರಹಾಕಿತು. ಸಂಸ್ಥೆಯನ್ನೇ ಕಬಳಿಸಲು ಹೊರಟಿದ್ದರು ಎಂದು ಆಡಳಿತದವರು ಹೇಳಿದರು. ಲೆಕ್ಕಪತ್ರ ಸರಿಮಾಡಲು ಹೊರಟಿದ್ದೆ ಎಂದು ಇನೋಕಿ ಹೇಳಿದರು. ಎನ್‌ಇಟಿಗೆ ದೊಡ್ಡ ಮುಖವೇ ಇಲ್ಲವಾಯಿತು. ಸಂಸ್ಥೆ ಷರತ್ತು ಮುರಿದು ಬಾಬಾರನ್ನು ಅಲ್ಲಿಯೂ ತೋರಿಸಿತು. ಸಿಟ್ಟಾದ ನಿಪ್ಪಾನ್ ಟಿವಿ 1972ರ ಮೇ ತಿಂಗಳಲ್ಲಿ ಪ್ರಸಾರ ನಿಲ್ಲಿಸಿತು.

ಇನೋಕಿ ಅಷ್ಟರಲ್ಲಾಗಲೇ ‘ನ್ಯೂ ಜಪಾನ್’ ಸಂಸ್ಥೆ ಶುರು ಮಾಡಿದ್ದರು. ಅದರ ಮೊದಲ ಪಂದ್ಯಾವಳಿ 1972ರ ಮಾರ್ಚ್ 6ರಂದು. ಟಿವಿ ಇಲ್ಲದೆ ಒಂದು ವರ್ಷ ಬಹಳ ಕಷ್ಟಪಟ್ಟರು. ಬಾಬಾ ಅಕ್ಟೋಬರ್‌ನಲ್ಲಿ ‘ಆಲ್ ಜಪಾನ್’ ಶುರು ಮಾಡಿದರು, ಅವರ ಬೆನ್ನಿಗೆ ನಿಪ್ಪಾನ್ ಟಿವಿ ಮೊದಲಿಂದಲೂ ಇತ್ತು. 1973ರ ಏಪ್ರಿಲ್‌ನಲ್ಲಿ ಸೈಜಿ ಸಕಾಗುಚಿ ಎಂಬ ಪೈಲ್ವಾನ ಮೂಲ ಸಂಸ್ಥೆ ಬಿಟ್ಟು ಇನೋಕಿ ಜೊತೆ ಸೇರಿದರು, ಎನ್‌ಇಟಿಯೂ ಅವರ ಹಿಂದೆ ಬಂತು. ಎರಡೂ ಚಾನೆಲ್ ಕಳೆದುಕೊಂಡ ಮೂಲ ಸಂಸ್ಥೆ ಅದೇ ತಿಂಗಳು ಮುಚ್ಚಿತು. ಇದನ್ನು ಇಬ್ಬರ ಜಗಳ ಎಂದಷ್ಟೇ ಬರೆದರೆ ಸಾಲದು ಎಂದು ನನಗೆ ಅನ್ನಿಸುವುದು ಇದಕ್ಕೇ.

ಇಂಟರ್‌ನ್ಯಾಷನಲ್ ಕಥೆಯೂ ಹಾಗೆಯೇ ಆಯಿತು. 1974ರಲ್ಲಿ ಟಿಬಿಎಸ್ ಕೈಬಿಟ್ಟಿತು. ಸಣ್ಣ ಚಾನೆಲ್ ಒಂದರ ಆಸರೆಯಲ್ಲಿ ಕೆಲವು ವರ್ಷ ನಡೆದು, ಅದೂ ನಿಂತ ಮೇಲೆ 1981ರ ಆಗಸ್ಟ್‌ನಲ್ಲಿ ಮುಚ್ಚಿತು.

ಹಾಗಾದರೆ 1995ರ ಹೊತ್ತಿಗೆ ಅಷ್ಟೊಂದು ಸಂಸ್ಥೆಗಳು ಬಂದಿದ್ದು ಎಲ್ಲಿಂದ? 1988ರಲ್ಲಿ ಎರಡೂ ದೊಡ್ಡ ಸಂಸ್ಥೆಗಳಿಗೆ ರಾತ್ರಿಯ ಒಳ್ಳೆಯ ಸಮಯ ತಪ್ಪಿಹೋಯಿತು. ಟಿವಿಯೇ ಎಲ್ಲ ಅಲ್ಲ ಎಂದಾಗ ಸಣ್ಣವರಿಗೂ ಧೈರ್ಯ ಬಂತು. ವಿಡಿಯೊ ಕ್ಯಾಸೆಟ್, ಟಿಕೆಟ್ ಮಾರಾಟ, ವಾರಪತ್ರಿಕೆಗಳ ಪ್ರಚಾರ ಇಷ್ಟರಲ್ಲೇ ಬದುಕಬಹುದು ಎಂದು ಯುಡಬ್ಲ್ಯುಎಫ್ ಎಂಬ ಸಂಸ್ಥೆ ತೋರಿಸಿತು. ಪೈಲ್ವಾನ ಅಟ್ಸುಶಿ ಒನಿಟಾ 1989ರಲ್ಲಿ ಎಫ್‌ಎಂಡಬ್ಲ್ಯು ಎಂಬ ಸಂಸ್ಥೆ ಕಟ್ಟಿ, ಮುಳ್ಳುತಂತಿ ಮತ್ತು ಸ್ಫೋಟಕಗಳ ಪಂದ್ಯಗಳಿಂದ ಜನ ಸೇರಿಸಿದರು. 1990ರಲ್ಲಿ ಮೆಗಾನೆ ಸೂಪರ್ ಎಂಬ ಕನ್ನಡಕದ ಅಂಗಡಿಗಳ ಕಂಪನಿ ಎಸ್‌ಡಬ್ಲ್ಯುಎಸ್ ಎಂಬ ಸಂಸ್ಥೆ ತೆರೆದು, ಗೆನಿಚಿರೊ ತೆನ್ರ್ಯು ಮೊದಲಾದ ಪೈಲ್ವಾನರನ್ನು ಸೆಳೆದುಕೊಂಡಿತು. ಅದು 1992ರಲ್ಲಿ ಕುಸಿದಾಗ ತೆನ್ರ್ಯು ಕಟ್ಟಿದ್ದೇ ‘ವಾರ್’. ತನ್ನ ಮೊದಲಿನ ಸಂಸ್ಥೆಯನ್ನು ಸತತವಾಗಿ ಟೀಕಿಸಿದ್ದ ಪತ್ರಿಕೆಯ ಕೂಟಕ್ಕೆ ಅವರು ಯಾಕೆ ಬರಲಿಲ್ಲ ಎಂಬುದು ಈಗ ಗೊತ್ತಾಗುತ್ತದೆ.

ಹೆಂಗಸರ ರೆಸ್ಲಿಂಗ್ ಇನ್ನೊಂದು ದೊಡ್ಡ ಕಥೆ. 1968ರಲ್ಲಿ ಮತ್ಸುನಾಗಾ ಸಹೋದರರು ಕಟ್ಟಿದ ‘ಆಲ್ ಜಪಾನ್ ವಿಮೆನ್ಸ್’ ಸಂಸ್ಥೆಗೆ ಫುಜಿ ಟಿವಿ ಜೊತೆಯಾಯಿತು. 1980ರ ದಶಕದಲ್ಲಿ ಕ್ರಶ್ ಗ್ಯಾಲ್ಸ್ ಜೋಡಿಯನ್ನು ನೋಡಲು ಶಾಲೆಯ ಹುಡುಗಿಯರು ಮುಗಿಬೀಳುತ್ತಿದ್ದರು. 2005ರಲ್ಲಿ ಆ ಸಂಸ್ಥೆ ಮುಚ್ಚಿತು. ಗಂಡಸರ ಸಂಸ್ಥೆಗಳ ಬಗ್ಗೆ ಬರೆದಷ್ಟು ಇವರ ಬಗ್ಗೆ ಯಾರೂ ಬರೆದಿಲ್ಲ, ಇದು ಅನ್ಯಾಯ.

ಇನ್ನು ಮೂಲಗಳ ಮಾತು. ಯಾರು ಗೆಲ್ಲಬೇಕೆಂದು ಒಳಗಿನವರು ಮೊದಲೇ ನಿರ್ಧರಿಸಿರುವ ಆಟ ಇದು. ಒಳಗಿನ ವಿಷಯ ಹೊರಗೆ ಬಿಡಬಾರದು ಎಂಬ ಕಟ್ಟುಪಾಡು ಬೇರೆ. ವಾರಪತ್ರಿಕೆಗಳೇ ದೊಡ್ಡ ಆಕರ, ಆದರೆ ಅವೂ ಈ ಆಟದ ಭಾಗವೇ. 1996ರಲ್ಲಿ ನ್ಯೂ ಜಪಾನ್ ‘ವೀಕ್ಲಿ ಪ್ರೊ ರೆಸ್ಲಿಂಗ್’ ವರದಿಗಾರರಿಗೆ ಬಾಗಿಲು ಹಾಕಿತು. ಆ ಕಾಲದ ಸಂಚಿಕೆ ಓದುವಾಗ ಇದು ನೆನಪಿರಬೇಕು. ಪ್ರೇಕ್ಷಕರ ಸಂಖ್ಯೆಯೂ ಅಷ್ಟೆ. 1995ರ ಏಪ್ರಿಲ್ ಕೊನೆಯಲ್ಲಿ ಇನೋಕಿ ಉತ್ತರ ಕೊರಿಯಾದ ಪ್ಯೊಂಗ್‌ಯಾಂಗ್‌ನಲ್ಲಿ, ತಮ್ಮ ಗುರು ಹುಟ್ಟಿದ ದೇಶದಲ್ಲಿ, ಎರಡು ದಿನ ಪಂದ್ಯ ನಡೆಸಿದರು. ದಿನಕ್ಕೆ ಒಂದೂವರೆ ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಜನ ಎಂದು ಘೋಷಣೆಯಾಯಿತು. ಸರ್ಕಾರವೇ ಜನರನ್ನು ಕರೆತಂದ ಕ್ರೀಡಾಂಗಣ ಅದು. ಟಿಕೆಟ್ ಮಾರಿದ ಸಂಖ್ಯೆಗಳ ಪಕ್ಕದಲ್ಲಿ ಅದನ್ನು ಸುಮ್ನೆ ಇಟ್ಟು ದಾಖಲೆ ಎನ್ನಲಾಗದು.

ಬಾಬಾ 1999ರ ಜನವರಿಯಲ್ಲಿ ತೀರಿಕೊಂಡರು. ಮರುವರ್ಷ ಆ ಸಂಸ್ಥೆಯ ಪೈಲ್ವಾನ ಮಿತ್ಸುಹಾರು ಮಿಸಾವಾ ಹೊರಗೆ ಬಂದು ‘ನೋವಾ’ ಕಟ್ಟಿದಾಗ ಆಲ್ ಜಪಾನ್‌ನಲ್ಲಿ ಉಳಿದ ಜಪಾನಿ ಪೈಲ್ವಾನರು ಕವಾಡಾ ಮತ್ತು ಫುಚಿ ಇಬ್ಬರೇ. ನಿಪ್ಪಾನ್ ಟಿವಿಯೂ ಮಿಸಾವಾ ಕಡೆ ಹೋಯಿತು. 2009ರ ಮಾರ್ಚ್‌ನಲ್ಲಿ ಆ ಚಾನೆಲ್ ನೋವಾ ಪ್ರಸಾರವನ್ನೂ ನಿಲ್ಲಿಸಿತು. ಜೂನ್ 13ರಂದು ಹಿರೋಶಿಮಾದಲ್ಲಿ ಪಂದ್ಯದ ನಡುವೆಯೇ ಕುಸಿದು ಮಿಸಾವಾ ತೀರಿಕೊಂಡರು.

ಇತ್ತೀಚಿನ ಕಾಲ ಹುಡುಕುವವರಿಗೆ ಚಾನೆಲ್‌ಗಳ ಜಾಗದಲ್ಲಿ ಬೇರೆ ಕಂಪನಿಗಳು ಸಿಗುತ್ತವೆ. ನ್ಯೂ ಜಪಾನ್ 2005ರಲ್ಲಿ ವಿಡಿಯೊ ಗೇಮ್ ಕಂಪನಿ ಯೂಕ್ಸ್‌ಗೆ, 2012ರಲ್ಲಿ ಕಾರ್ಡ್ ಆಟಗಳ ಕಂಪನಿ ಬುಶಿರೋಡ್‌ಗೆ ಹೋಯಿತು. 2014ರ ಡಿಸೆಂಬರ್‌ನಲ್ಲಿ ತನ್ನದೇ ಆನ್‌ಲೈನ್ ಪ್ರಸಾರ ಶುರು ಮಾಡಿತು. ಇಂಟರ್‌ನೆಟ್ ಕಂಪನಿ ಸೈಬರ್‌ಏಜೆಂಟ್ 2017ರಲ್ಲಿ ಡಿಡಿಟಿ ಸಂಸ್ಥೆಯನ್ನು, 2020ರಲ್ಲಿ ನೋವಾವನ್ನು ತೆಗೆದುಕೊಂಡಿತು. ಇವುಗಳ ವಿಷಯದಲ್ಲಿ ಪತ್ರಿಕೆಗಳ ಜೊತೆಗೆ ಷೇರುದಾರರಿಗೆ ಕೊಡುವ ವರದಿಗಳನ್ನೂ ಓದಬಹುದು. ರಿಕಿದೋಜಾನ್ ಕಾಲವನ್ನು ಹುಡುಕುವವರಿಗೆ ಈ ಅನುಕೂಲ ಇಲ್ಲ.