333333331: ಏಳು ಸಲ ಸರಿ ಬಂದದ್ದು ಎಂಟನೇ ಸಲ ಯಾಕೆ ಕೈಕೊಟ್ಟಿತು?

ಪ್ರಶ್ನೆ: 31 ಅವಿಭಾಜ್ಯ. 331, 3331 ಕೂಡ ಅವಿಭಾಜ್ಯ. ಹೀಗೇ 33333331ರ ತನಕ ಏಳಕ್ಕೆ ಏಳೂ ಸರಿ. ಹಾಗಾದರೆ 333333331 ಕೂಡ ಅವಿಭಾಜ್ಯ ತಾನೇ?

ಅಲ್ಲ. ಇದನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ, ಆದರೂ ಇನ್ನೊಮ್ಮೆ ಹೇಳುತ್ತೇನೆ.

33 ಕೋಟಿ 33 ಲಕ್ಷ 33 ಸಾವಿರದ 331. ದೇವತೆಗಳ ಲೆಕ್ಕಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಪೆನ್ಸಿಲ್ ತಗೊಂಡು 17ರಿಂದ ಭಾಗಿಸಿ. 33ರಲ್ಲಿ ಒಂದು ಸಲ, ಶೇಷ 16. ಒಂದೊಂದೇ 3 ಇಳಿಸುತ್ತಾ ಹೋದರೆ ಶೇಷ 10, 1, 13, 14, 7, 5. ಕೊನೆಗೆ ಉಳಿದ 1 ಇಳಿಸಿ: 51. ಹದಿನೇಳ್ ಮೂರ್ಲಿ ಐವತ್ತೊಂದು. ಶೇಷ ಸೊನ್ನೆ. ಭಾಗಲಬ್ಧ 19607843.

ಇಷ್ಟಾದ ಮೇಲೂ "ಸಾರ್, ಏಳು ಸಲ ಸರಿ ಬಂದಿತ್ತಲ್ಲ, ಇದೊಂದು ಆಕಸ್ಮಿಕ ಇರಬೇಕು" ಅನ್ನುವವರಿದ್ದಾರೆ. ಏಳು ದಿನ ಬಸ್ಸು ಸರಿಯಾದ ಟೈಮಿಗೆ ಬಂತು ಅಂತ ಎಂಟನೇ ದಿನ ಮನೆಯಿಂದ ತಡವಾಗಿ ಹೊರಡುತ್ತೀರಾ? ಸಂಖ್ಯೆಗಳಿಗೆ ನಾವು ಎಷ್ಟರವರೆಗೆ ನೋಡಿದ್ದೇವೆ ಅನ್ನೋದು ಗೊತ್ತೇ ಇರುವುದಿಲ್ಲ. ಮತ್ತೆ, ಇದು ಆಕಸ್ಮಿಕವೂ ಅಲ್ಲ. ಈ ಸರಣಿ ಮುರಿಯಲೇಬೇಕು. 17 ಸುಮ್ಮನಿದ್ದಿದ್ದರೂ ಮುರಿಯುತ್ತಿತ್ತು, ಅದೂ ಮೊದಲನೆಯ 31ರಿಂದಲೇ!

ಹೇಗೆ ಅಂದರೆ, ಹದಿನೈದು 3ಗಳನ್ನು ಸಾಲಾಗಿ ಬರೆಯಿರಿ. ಅದು 31ರಿಂದ ಪೂರ್ತಿ ಭಾಗವಾಗುತ್ತದೆ, ಭಾಗಲಬ್ಧ 10752688172043. ನಂಬಿಕೆ ಬರದಿದ್ದರೆ ಗುಣಿಸಿ ನೋಡಿ. ಈಗ ಆ ಸಾಲಿನ ಪಕ್ಕ 31 ಬರೆಯಿರಿ. ಮೊದಲ ಹದಿನೈದು ಅಂಕಿಯೂ 31ಕ್ಕೆ ಸಿಗುತ್ತದೆ, ಕೊನೆಯ 31 ಹೇಗೂ ಸಿಗುತ್ತದೆ. ಅಂದಮೇಲೆ ಹದಿನೇಳು ಅಂಕಿಯ ಆ ಇಡೀ ಸಂಖ್ಯೆ ಅವಿಭಾಜ್ಯ ಆಗಲು ಸಾಧ್ಯವೇ ಇಲ್ಲ. ಮನೆಯವನೇ ಬಾಗಿಲು ತೆಗೆದುಕೊಟ್ಟ ಹಾಗೆ.

ನಿಜಕ್ಕೂ ಕೇಳಬೇಕಾದ ಪ್ರಶ್ನೆ ಬೇರೆ, ಅದನ್ನು ಯಾರೂ ಕೇಳುವುದಿಲ್ಲ: ಏಳು ಸಲ ಸರಿ ಬಂದದ್ದಾದರೂ ಹೇಗೆ? ಕೊನೆಯ ಅಂಕಿ 1, ಹಾಗಾಗಿ 2 ಮತ್ತು 5 ಹೊರಗೆ. ಅಂಕಿಗಳ ಮೊತ್ತವನ್ನು 3ರಿಂದ ಭಾಗಿಸಿದರೆ ಯಾವಾಗಲೂ 1 ಉಳಿಯುತ್ತದೆ, 3 ಕೂಡ ಹೊರಗೆ. 7, 11, 13 ಈ ಸರಣಿಯ ಯಾವ ಸಂಖ್ಯೆಯನ್ನೂ ಭಾಗಿಸಲಾರವು, ಎಷ್ಟೇ ಉದ್ದ ಬೆಳೆಸಿ. ಸಾಮಾನ್ಯವಾಗಿ ಸಂಖ್ಯೆಗಳನ್ನು ಒಡೆಯುವ ಪುಡಿ ಅವಿಭಾಜ್ಯಗಳಿಗೆಲ್ಲ ಇಲ್ಲಿ ಪ್ರವೇಶವೇ ಇಲ್ಲ. ಒಳಗೆ ಬರಬಲ್ಲ ಮೊದಲನೆಯದೇ 17. ಅದು ಒಂಬತ್ತು ಅಂಕಿಯ ತನಕ ಕಾಯಬೇಕಾಯಿತು. ಅಲ್ಲಿಂದ ಪ್ರತಿ 16 ಅಂಕಿಗೊಮ್ಮೆ ತಪ್ಪದೆ ಬರುತ್ತದೆ: 25 ಅಂಕಿಯದರಲ್ಲಿ, 41 ಅಂಕಿಯದರಲ್ಲಿ.

ಅಂದಹಾಗೆ, ಹದಿನೇಳು 3 ಬರೆದು ಪಕ್ಕದಲ್ಲಿ 1 ಬರೆದರೆ ಮತ್ತೆ ಅವಿಭಾಜ್ಯ. ಇದರಿಂದ ಇನ್ನೊಂದು ನಿಯಮ ಹುಡುಕಿಕೊಂಡು ಬರಬೇಡಿ, ದಯವಿಟ್ಟು.