ಟವೆಲ್ ಮಡಚುವ ಕೈಗೆ ಬೆಲೆ ಎಷ್ಟು?

2010ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಒಂದು ರೋಬೋಟ್ ಟವೆಲ್ ಮಡಚಿತು. ಅದರ ಹೆಸರು ಪಿಆರ್2. ಆ ವಿಡಿಯೋವನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಮೇಜಿನ ಮೇಲೆ ಟವೆಲ್ ರಾಶಿ. ರೋಬೋಟ್ ಒಂದನ್ನು ಎತ್ತುತ್ತದೆ, ಕಣ್ಣೆದುರು ಹಿಡಿಯುತ್ತದೆ, ತಿರುಗಿಸಿ ತಿರುಗಿಸಿ ಮೂಲೆ ಹುಡುಕುತ್ತದೆ. ಒಂದು ಮೂಲೆ ಸಿಕ್ಕಮೇಲೆ ಇನ್ನೊಂದು. ಆಮೇಲೆ ಮೇಜಿನ ಮೇಲೆ ಹಾಸಿ, ಮಡಚಿ, ಪಕ್ಕಕ್ಕೆ ಇಡುತ್ತದೆ. 50 ಟವೆಲ್ ಕೊಟ್ಟರು, 50ನ್ನೂ ಮಡಚಿತು. ಆದರೆ ಒಂದು ಟವೆಲ್‌ಗೆ ಸರಾಸರಿ ಸುಮಾರು 25 ನಿಮಿಷ ಬೇಕಾಯಿತು. ನೋಡುವವರಿಗೆ ಬೇಸರ ಆಗದಿರಲಿ ಅಂತ ವಿಡಿಯೋವನ್ನು 50 ಪಟ್ಟು ವೇಗದಲ್ಲಿ ಓಡಿಸಿದ್ದರು.

ಆ ರೋಬೋಟಿನ ಬೆಲೆ 4 ಲಕ್ಷ ಡಾಲರ್. ತಯಾರಿಸಿದ್ದು ವಿಲ್ಲೋ ಗ್ಯಾರೇಜ್ ಅನ್ನುವ ಸಂಸ್ಥೆ. 2014ರ ಹೊತ್ತಿಗೆ ಅದು ಬಾಗಿಲು ಹಾಕಿತು.

ಈಗಿನ ಲೆಕ್ಕ ನೋಡಿ. ಫಿಗರ್ ಎಂಬ ಅಮೆರಿಕದ ಕಂಪನಿ ಶುರುವಾಗಿದ್ದು 2022ರಲ್ಲಿ. 2024ರ ಫೆಬ್ರವರಿಯಲ್ಲಿ ಮೈಕ್ರೋಸಾಫ್ಟ್, ಎನ್‌ವಿಡಿಯಾ, ಓಪನ್‌ಎಐ ಮುಂತಾದವರು ಅದರಲ್ಲಿ ದುಡ್ಡು ಹಾಕಿದಾಗ ಕಂಪನಿಯ ಮೌಲ್ಯ 260 ಕೋಟಿ ಡಾಲರ್. 2025ರ ಸೆಪ್ಟೆಂಬರ್‌ನಲ್ಲಿ ಅದೇ ಕಂಪನಿಗೆ ಹೂಡಿಕೆದಾರರು ಕಟ್ಟಿದ ಬೆಲೆ 3,900 ಕೋಟಿ ಡಾಲರ್. ಹತ್ತೊಂಬತ್ತು ತಿಂಗಳಲ್ಲಿ 15 ಪಟ್ಟು. ಅದರ ರೋಬೋಟ್ ಕೂಡ ಬಟ್ಟೆ ಮಡಚಿ ತೋರಿಸುತ್ತದೆ.

ಈ ಎರಡು ವಿಡಿಯೋಗಳ ನಡುವೆ ಬದಲಾಗಿದ್ದು ರೋಬೋಟೋ, ದುಡ್ಡು ಹಾಕುವವರ ನಂಬಿಕೆಯೋ? ಎರಡೂ ಹೌದು. ಆದರೆ ಸಮಸಮವಾಗಿ ಅಲ್ಲ.

ಮನೆಗೆಲಸದ ಯಂತ್ರಮನುಷ್ಯನ ಆಸೆ ಹಳೆಯದು. 1939ರ ನ್ಯೂಯಾರ್ಕ್ ವಿಶ್ವ ಮೇಳದಲ್ಲಿ ವೆಸ್ಟಿಂಗ್‌ಹೌಸ್ ಕಂಪನಿ ಎಲೆಕ್ಟ್ರೋ ಎಂಬ ಏಳಡಿ ರೋಬೋಟ್ ನಿಲ್ಲಿಸಿತ್ತು. ಅದು ನಡೆಯುತ್ತಿತ್ತು, ಮಾತಾಡುತ್ತಿತ್ತು, ಸಿಗರೇಟು ಸೇದುತ್ತಿತ್ತು. ಜನ ಮುಗಿಬಿದ್ದು ನೋಡಿದರು. ಆದರೆ ವೆಸ್ಟಿಂಗ್‌ಹೌಸ್ ಮಾರಿದ್ದು ಎಲೆಕ್ಟ್ರೋವನ್ನಲ್ಲ, ಫ್ರಿಜ್ಜು, ವಾಷಿಂಗ್ ಮಷೀನು, ಇಸ್ತ್ರಿಪೆಟ್ಟಿಗೆಗಳನ್ನು. ರೋಬೋಟ್ ಅಂಗಡಿ ಮುಂದಿನ ಆಕರ್ಷಣೆ ಮಾತ್ರ.

ಇದು ಮುಖ್ಯ. ಮನೆಗೆಲಸ ಕಡಿಮೆ ಮಾಡಿದ ಯಂತ್ರಗಳು ಯಾವುವೂ ಮನುಷ್ಯನ ಹಾಗೆ ಇಲ್ಲ. ನಮ್ಮ ವೆಟ್ ಗ್ರೈಂಡರನ್ನೇ ನೋಡಿ. ಒರಳಿನ ಮುಂದೆ ಕೂತು ಗುಂಡುಕಲ್ಲು ತಿರುಗಿಸುವ ಯಂತ್ರವನ್ನು ಯಾರೂ ಮಾಡಲಿಲ್ಲ. ಕೊಯಮತ್ತೂರಿನವರು ಕೆಲಸವನ್ನೇ ತಿರುವುಮುರುವು ಮಾಡಿದರು. ಗುಂಡುಕಲ್ಲು ನಿಂತಿತು, ಒರಳು ತಿರುಗಿತು. ಕೈಯನ್ನು ನಕಲು ಮಾಡದೆ ಹಿಟ್ಟು ರುಬ್ಬುವುದು ಹೇಗೆ ಅಂತ ಯೋಚಿಸಿದ್ದರಿಂದ ಅದು ಮನೆಮನೆಗೆ ಬಂತು.

ಹ್ಯೂಮನಾಯ್ಡ್, ಅಂದರೆ ಮನುಷ್ಯನ ಆಕಾರದ ರೋಬೋಟೇ ಬೇಕು ಅನ್ನುವವರ ವಾದ ಬೇರೆ. ಮನೆ ಕಟ್ಟಿರುವುದೇ ಮನುಷ್ಯರಿಗೆ. ಮೆಟ್ಟಿಲು, ಬಾಗಿಲ ಹಿಡಿ, ಅಟ್ಟ, ನಲ್ಲಿ ಎಲ್ಲ ನಮ್ಮ ಎತ್ತರಕ್ಕೆ, ನಮ್ಮ ಕೈ ಅಳತೆಗೆ ಇವೆ. ಒಂದೊಂದು ಕೆಲಸಕ್ಕೆ ಒಂದೊಂದು ಯಂತ್ರ ಕೊಳ್ಳುವ ಬದಲು ಎಲ್ಲವನ್ನೂ ಮಾಡುವ ಒಂದೇ ಯಂತ್ರ ಸಾಕಲ್ವಾ? ವಾದ ಸುಳ್ಳಲ್ಲ. ಇವತ್ತಿನ ಇಷ್ಟು ಹಣ ನಿಂತಿರುವುದೂ ಇದೇ ವಾದದ ಮೇಲೆ.

ಈ ದಾರಿಯಲ್ಲಿ ಮೊದಲು ಗಟ್ಟಿಯಾಗಿ ನಡೆದಿದ್ದು ಜಪಾನ್. ಹೋಂಡಾ 1986ರಲ್ಲೇ ಗುಟ್ಟಾಗಿ ಕೆಲಸ ಶುರುಮಾಡಿ 2000ದಲ್ಲಿ ಅಸಿಮೋವನ್ನು ತೋರಿಸಿತು. ಅದು ಓಡಿತು, ಮೆಟ್ಟಿಲು ಹತ್ತಿತು. ಯಾರ ಮನೆಗೂ ಹೋಗಲಿಲ್ಲ. 2022ರಲ್ಲಿ ವೇದಿಕೆಯಿಂದ ಇಳಿಯಿತು. ಸೋನಿಯ ಪುಟ್ಟ ಹ್ಯೂಮನಾಯ್ಡ್ ಕ್ಯೂರಿಯೋವನ್ನು ಕಂಪನಿ ಖರ್ಚು ಕಡಿತದಲ್ಲಿ 2006ರಲ್ಲೇ ನಿಲ್ಲಿಸಿತ್ತು.

ನಿಜವಾಗಿ ಮನೆಗೆ ಅಂತ ಮಾರಾಟಕ್ಕೆ ಬಂದಿದ್ದು ಸಾಫ್ಟ್‌ಬ್ಯಾಂಕ್‌ನ ಪೆಪ್ಪರ್. 2014ರಲ್ಲಿ ಕಂಪನಿಯ ಮುಖ್ಯಸ್ಥ ಮಸಯೋಷಿ ಸನ್ ಅದನ್ನು ಪರಿಚಯಿಸಿದರು. 2015ರ ಜೂನ್‌ನಲ್ಲಿ ಮಾರಾಟ ತೆರೆದಾಗ ಮೊದಲ 1,000 ಪೆಪ್ಪರ್‌ಗಳು ಒಂದೇ ನಿಮಿಷದಲ್ಲಿ ಖಾಲಿ. ಬೆಲೆ 1,98,000 ಯೆನ್. ಪೆಪ್ಪರ್ ಮಾತಾಡುತ್ತಿತ್ತು, ಮುಖ ನೋಡಿ ಭಾವನೆ ಗುರುತಿಸುತ್ತೇನೆ ಅನ್ನುತ್ತಿತ್ತು. ಪಾತ್ರೆ ತೊಳೆಯುತ್ತಿರಲಿಲ್ಲ. ಸುಮಾರು 27,000 ತಯಾರಾದಮೇಲೆ 2020ರಲ್ಲಿ ಉತ್ಪಾದನೆ ನಿಂತಿತು. ಒಂದು ನಿಮಿಷದ ಉತ್ಸಾಹವನ್ನು ಮಾರುಕಟ್ಟೆ ಅಂತ ತಿಳಿದಿದ್ದೇ ಅಲ್ಲಿ ಆದ ತಪ್ಪು.

ಇದಕ್ಕೆ ತದ್ವಿರುದ್ಧ ಕಥೆ ರೂಂಬಾದ್ದು. ಐರೋಬೋಟ್ ಕಂಪನಿ 2002ರಲ್ಲಿ ತಂದ ಈ ತಟ್ಟೆಯಾಕಾರದ ಯಂತ್ರಕ್ಕೆ ಕೈಯಿಲ್ಲ, ಕಾಲಿಲ್ಲ, ಮುಖವಿಲ್ಲ. ಕಸ ಹೀರುವುದೊಂದೇ ಕೆಲಸ. ಜಗತ್ತಿನಲ್ಲಿ ಅತಿ ಹೆಚ್ಚು ಮಾರಾಟವಾದ ಮನೆ ರೋಬೋಟ್‌ಗಳಲ್ಲಿ ಅದೂ ಒಂದು. 2022ರಲ್ಲಿ ಅಮೆಜಾನ್ 170 ಕೋಟಿ ಡಾಲರಿಗೆ ಕಂಪನಿಯನ್ನು ಕೊಳ್ಳಲು ಒಪ್ಪಿತು. ಯುರೋಪಿನ ನಿಯಂತ್ರಕರ ಒಪ್ಪಿಗೆ ಸಿಗುವ ದಾರಿ ಕಾಣದೆ 2024ರ ಜನವರಿಯಲ್ಲಿ ಆ ಒಪ್ಪಂದ ಮುರಿದುಬಿತ್ತು. ಚೀನಾದ ಅಗ್ಗದ ಯಂತ್ರಗಳ ಮುಂದೆ ನಿಲ್ಲಲಾಗದೆ 2025ರ ಡಿಸೆಂಬರ್‌ನಲ್ಲಿ ಐರೋಬೋಟ್ ದಿವಾಳಿ ಅರ್ಜಿ ಹಾಕಿತು. ಒಂದು ಯಂತ್ರ ಮನೆಯವರಿಗೆ ನಿಜವಾಗಿ ಉಪಯೋಗ ಆಗಬಹುದು, ಆದರೂ ಅದರ ಷೇರು ಕೊಂಡವರ ಕೈ ಖಾಲಿಯಾಗಬಹುದು. ಹ್ಯೂಮನಾಯ್ಡ್ ಕಂಪನಿಗಳ ಬಗ್ಗೆ ಮಾತಾಡುವಾಗ ಈ ವ್ಯತ್ಯಾಸವನ್ನು ಜನ ಬೇಗ ಮರೆಯುತ್ತಾರೆ.

ಗಾಳಿ ತಿರುಗಿದ್ದು 2021ರಿಂದ ಈಚೆಗೆ. ಆ ವರ್ಷದ ಆಗಸ್ಟ್‌ನಲ್ಲಿ ಟೆಸ್ಲಾ ತನ್ನ ರೋಬೋಟ್ ಯೋಜನೆ ಪ್ರಕಟಿಸಿತು. ವೇದಿಕೆ ಮೇಲೆ ಕುಣಿದಿದ್ದು ರೋಬೋಟ್ ವೇಷ ತೊಟ್ಟ ಮನುಷ್ಯ. 2022ರ ಕೊನೆಗೆ ಚಾಟ್‌ಜಿಪಿಟಿ ಬಂತು. ಭಾಷೆ ಕಲಿಸಿದ ರೀತಿಯಲ್ಲೇ ಚಲನೆಯನ್ನೂ ಕಲಿಸಬಹುದು ಅನ್ನುವ ವಿಶ್ವಾಸ ಹುಟ್ಟಿತು. ನೋಡಿದ್ದು, ಕೇಳಿದ್ದು, ಮಾಡಬೇಕಾದ್ದು ಮೂರನ್ನೂ ಒಂದೇ ಮಾದರಿಯೊಳಗೆ ಸೇರಿಸುವ ಕೆಲಸ ಶುರುವಾಯಿತು. ಅದೇ ಹೊತ್ತಿಗೆ ಮೋಟರು, ಸೆನ್ಸರ್, ಬ್ಯಾಟರಿಗಳ ಬೆಲೆ ಇಳಿಯಿತು. 2024ರಲ್ಲಿ ಚೀನಾದ ಯೂನಿಟ್ರೀ ಕಂಪನಿ ಜಿ1 ರೋಬೋಟನ್ನು 16,000 ಡಾಲರಿಗೆ ತಂದಿತು. ಮರುವರ್ಷ ಆರ್1 ಬಂತು, 5,900 ಡಾಲರಿಗೆ.

ಬ್ಯಾಂಕುಗಳ ಅಂದಾಜು ಹೇಗೆ ಜಿಗಿಯಿತು ಅನ್ನುವುದನ್ನು ನಿಧಾನವಾಗಿ ನೋಡಬೇಕು. 2022ರಲ್ಲಿ ಗೋಲ್ಡ್‌ಮನ್ ಸ್ಯಾಕ್ಸ್, 2035ಕ್ಕೆ ಹ್ಯೂಮನಾಯ್ಡ್ ಮಾರುಕಟ್ಟೆ 600 ಕೋಟಿ ಡಾಲರ್ ಆಗಬಹುದು ಅಂದಿತ್ತು. 2024ರ ಆರಂಭದಲ್ಲಿ ಅದೇ ಬ್ಯಾಂಕು ಅದೇ 2035ಕ್ಕೆ 3,800 ಕೋಟಿ ಡಾಲರ್ ಅಂದಿತು. 2025ರಲ್ಲಿ ಮಾರ್ಗನ್ ಸ್ಟಾನ್ಲಿ 2050ಕ್ಕೆ 5 ಲಕ್ಷ ಕೋಟಿ ಡಾಲರ್, 100 ಕೋಟಿ ರೋಬೋಟ್ ಅಂದಿತು. ಬ್ಯಾಂಕ್ ಆಫ್ ಅಮೆರಿಕ 2060ಕ್ಕೆ 300 ಕೋಟಿ ರೋಬೋಟ್ ಅಂದಿತು. ಟೆಸ್ಲಾದ ಮುಖ್ಯಸ್ಥ ಇಲಾನ್ ಮಸ್ಕ್ 2024ರಲ್ಲಿ, ತಮ್ಮ ಆಪ್ಟಿಮಸ್ ರೋಬೋಟ್ ಕಂಪನಿಯ ಮೌಲ್ಯವನ್ನು 25 ಲಕ್ಷ ಕೋಟಿ ಡಾಲರಿಗೆ ಒಯ್ಯಬಹುದು ಅಂದರು. ಮುಂದಿನ ವರ್ಷ, ಟೆಸ್ಲಾ ಮೌಲ್ಯದ ಸುಮಾರು 80 ಶೇಕಡಾ ಆಪ್ಟಿಮಸ್‌ನಿಂದಲೇ ಬರುತ್ತದೆ ಅಂದರು.

ಈ ದೊಡ್ಡ ಅಂಕಿಗಳ ಒಳಗೆ ಮನೆಯ ಪಾಲು ಎಷ್ಟು ಅಂತ ಹುಡುಕಿದರೆ ಕಥೆ ಬೇರೆಯೇ ಆಗುತ್ತದೆ. ಮಾರ್ಗನ್ ಸ್ಟಾನ್ಲಿಯ 100 ಕೋಟಿಯಲ್ಲಿ 90 ಶೇಕಡಾ ಕಾರ್ಖಾನೆ, ಗೋದಾಮು, ವ್ಯಾಪಾರದ ಜಾಗಗಳಿಗೆ. 2050ರಲ್ಲೂ ಜಗತ್ತಿನ ಮನೆಗಳಲ್ಲಿ ಇರುವುದು ಸುಮಾರು 8 ಕೋಟಿ ಮಾತ್ರ. ಬ್ಯಾಂಕ್ ಆಫ್ ಅಮೆರಿಕದ ಲೆಕ್ಕದಲ್ಲಿ ಬಹುಪಾಲು ರೋಬೋಟ್‌ಗಳು ಮನೆಗಳಲ್ಲೇ ಇರುತ್ತವೆ. ಇಬ್ಬರೂ ಅದೇ ವಿಡಿಯೋಗಳನ್ನು, ಅದೇ ಬಿಡಿಭಾಗಗಳ ಬೆಲೆಯನ್ನು ನೋಡಿದವರು. ಮನೆಯ ವಿಷಯ ಬಂದಾಗ ಮಾತ್ರ ಉತ್ತರ ದಕ್ಷಿಣ. ನನಗೆ ಅನ್ನಿಸುವುದು ಇಷ್ಟು: ಮನೆಯ ವಿಷಯದಲ್ಲಿ ಇದು ಇನ್ನೂ ಅಂದಾಜಿನ ಹಂತಕ್ಕೂ ಬಂದಿಲ್ಲ. ಮನೆಗಳ ಸಂಖ್ಯೆ ಗೊತ್ತಿದೆ, ರೋಬೋಟಿನ ಬೆಲೆ ಊಹಿಸಬಹುದು, ಎರಡನ್ನೂ ಗುಣಿಸಬಹುದು. ಅದು ಮನೆಯಲ್ಲಿ ಒಬ್ಬಂಟಿಯಾಗಿ ಏನು ಮಾಡೀತು ಅನ್ನುವುದು ಮಾತ್ರ ಆ ಗುಣಾಕಾರದಲ್ಲಿ ಇಲ್ಲ.

ಒಬ್ಬಂಟಿಯಾಗಿ ಅನ್ನುವ ಮಾತನ್ನು ಬೇಕೆಂದೇ ಹೇಳಿದೆ. 2008ರ ಸುಮಾರಿಗೆ ಸ್ಟ್ಯಾನ್‌ಫರ್ಡ್‌ನಲ್ಲಿ ಪಿಆರ್2ರ ಅಣ್ಣ ಪಿಆರ್1 ಒಂದು ಕೋಣೆಯನ್ನು ಚೊಕ್ಕವಾಗಿ ಜೋಡಿಸಿತ್ತು. ಆಡಿಸುತ್ತಿದ್ದದ್ದು ಮನುಷ್ಯ. ದೇಹ ಸಾಧ್ಯ, ಬುದ್ಧಿ ಬಾಕಿ ಅಂತ ತೋರಿಸುವುದೇ ಅದರ ಉದ್ದೇಶವಾಗಿತ್ತು. 2024ರ ಜನವರಿಯಲ್ಲಿ ಆಪ್ಟಿಮಸ್ ಅಂಗಿ ಮಡಚುವ ವಿಡಿಯೋ ಬಂತು. ಅದನ್ನು ರೋಬೋಟ್ ಇನ್ನೂ ತಾನಾಗಿ ಮಾಡಲಾರದು ಅಂತ ಮಸ್ಕ್ ಅವರೇ ಆಮೇಲೆ ಬರೆದರು. 2025ರ ಅಕ್ಟೋಬರ್‌ನಲ್ಲಿ ನಾರ್ವೆಯಲ್ಲಿ ಹುಟ್ಟಿದ 1ಎಕ್ಸ್ ಕಂಪನಿ ನಿಯೋ ಎಂಬ ಮನೆ ರೋಬೋಟಿಗೆ ಮುಂಗಡ ತೆಗೆದುಕೊಳ್ಳಲು ಶುರುಮಾಡಿತು. ಬೆಲೆ 20,000 ಡಾಲರ್, ಇಲ್ಲವೇ ತಿಂಗಳಿಗೆ 499 ಡಾಲರ್. ಗೊತ್ತಿಲ್ಲದ ಕೆಲಸ ಬಂದರೆ ಕಂಪನಿಯ ಸಿಬ್ಬಂದಿ ದೂರದಿಂದ ಅದರ ಕಣ್ಣಲ್ಲಿ ನೋಡಿ, ಅದರ ಕೈಯಾಡಿಸುತ್ತಾರೆ. ಇದನ್ನು ಕಂಪನಿ ಮುಚ್ಚಿಟ್ಟಿಲ್ಲ, ಅದಕ್ಕೆ ಮೆಚ್ಚಬೇಕು. ವಾಲ್ ಸ್ಟ್ರೀಟ್ ಜರ್ನಲ್‌ನ ವರದಿಗಾರ್ತಿ ಹೋಗಿ ನೋಡಿದಾಗ ಎಲ್ಲ ಕೆಲಸವನ್ನೂ ಮನುಷ್ಯರೇ ಆಡಿಸುತ್ತಿದ್ದರು. ಹಾಗಿದ್ದೂ ಫ್ರಿಜ್ಜಿನಿಂದ ನೀರಿನ ಬಾಟಲಿ ತರಲು ಒಂದು ನಿಮಿಷಕ್ಕಿಂತ ಜಾಸ್ತಿ ಹಿಡಿಯಿತು. ಮೂರು ಪಾತ್ರೆಗಳನ್ನು ಡಿಶ್‌ವಾಷರ್‌ಗೆ ಇಡಲು ಐದು ನಿಮಿಷ.

ಯಾಕೆ ಇಷ್ಟು ಕಷ್ಟ? ರಾತ್ರಿ ನಮ್ಮ ಅಡುಗೆಮನೆಯ ಸಿಂಕಿನ ಮುಂದೆ ನಿಂತಾಗ ನನಗೆ ಇದು ಅರ್ಥವಾಗುತ್ತದೆ. ಬಾಣಲೆಯ ಜಿಡ್ಡು ಹೋಯಿತಾ ಅಂತ ಕಣ್ಣು ಹೇಳುವುದಿಲ್ಲ. ಬೆರಳು ಸವರಿದರೆ ತಕ್ಷಣ ಗೊತ್ತಾಗುತ್ತದೆ. ಸೋಪು ಹತ್ತಿದ ಸ್ಟೀಲ್ ಲೋಟ ಜಾರುವ ಮೊದಲೇ ಹಿಡಿತ ಬಿಗಿಯಾಗುತ್ತದೆ. ಐರೋಬೋಟ್ ಕಟ್ಟಿದ ಮೂವರಲ್ಲಿ ಒಬ್ಬರಾದ ರಾಡ್ನಿ ಬ್ರೂಕ್ಸ್ 2025ರ ಸೆಪ್ಟೆಂಬರ್‌ನಲ್ಲಿ ಇದನ್ನೇ ಎತ್ತಿ ಬರೆದರು. ಮನುಷ್ಯನ ಕೈಯಲ್ಲಿ ಸ್ಪರ್ಶ ತಿಳಿಯುವ ಸುಮಾರು 17,000 ಸೂಕ್ಷ್ಮ ಗ್ರಾಹಕಗಳಿವೆ. ಬರೀ ವಿಡಿಯೋ ತೋರಿಸಿ ರೋಬೋಟಿಗೆ ಕೈಚಳಕ ಬರಿಸಲಾಗದು, ಅದಕ್ಕೆ ಹಾಕುತ್ತಿರುವ ದುಡ್ಡು ವ್ಯರ್ಥ ಅನ್ನುವುದು ಅವರ ವಾದ. ಆಳೆತ್ತರದ, ನಡೆಯುವ ರೋಬೋಟಿನ ಮೂರು ಮೀಟರ್ ಒಳಗೆ ಹೋಗಬೇಡಿ ಅಂತಲೂ ಎಚ್ಚರಿಸಿದರು. ಬಿದ್ದರೆ ಅಪಾಯ. ತೆವಳುವ ಮಗು ಇರುವ ಮನೆಯಲ್ಲಿ ಮೂರು ಮೀಟರ್ ಜಾಗ ಎಲ್ಲಿಂದ ತರುವುದು?

ಚೀನಾದ ಹೂಡಿಕೆದಾರರಲ್ಲೂ ಅನುಮಾನ ಎದ್ದಿದೆ. ಜಿಎಸ್ಆರ್ ವೆಂಚರ್ಸ್‌ನ ಝೂ ಷಿಯಾವೋಹು 2025ರ ಮಾರ್ಚ್‌ನಲ್ಲಿ, ಹ್ಯೂಮನಾಯ್ಡ್ ಕಂಪನಿಗಳಿಂದ ತಾವು ಹೊರಬರುತ್ತಿದ್ದೇವೆ ಅಂದರು. ಇವನ್ನು ದುಡ್ಡು ಕೊಟ್ಟು ಕೊಳ್ಳುವವರು ಯಾರು ಅನ್ನುವುದು ಅವರ ಪ್ರಶ್ನೆ. ನವೆಂಬರ್‌ನಲ್ಲಿ ಸರ್ಕಾರದ ಯೋಜನಾ ಆಯೋಗವೇ, ದೇಶದಲ್ಲಿ 150ಕ್ಕೂ ಹೆಚ್ಚು ಹ್ಯೂಮನಾಯ್ಡ್ ಕಂಪನಿಗಳಿವೆ, ಹೂಡಿಕೆಯ ಗುಳ್ಳೆ ಏಳದಂತೆ ನೋಡಿಕೊಳ್ಳಬೇಕು ಅಂತ ಎಚ್ಚರಿಸಿತು.

ಇಷ್ಟೆಲ್ಲ ಆದರೂ ಹೂಡಿಕೆದಾರರ ಆಸೆಗೆ ಒಂದು ಗಟ್ಟಿ ನೆಲ ಇದೆ. ಮನೆಗೆಲಸ ನಿಜವಾಗಿಯೂ ದೊಡ್ಡದು. ನಮ್ಮ ದೇಶದ 2024ರ ಸಮಯ ಬಳಕೆ ಸಮೀಕ್ಷೆ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ದಿನಕ್ಕೆ 289 ನಿಮಿಷ ಅದರಲ್ಲೇ ಕಳೆಯುತ್ತಾರೆ. ಗಂಡಸರು 88 ನಿಮಿಷ. ಈ ನಿಮಿಷಗಳಿಗೆ ಮಾರುಕಟ್ಟೆ ಬೆಲೆ ಕಟ್ಟಿರಲಿಲ್ಲ. ಈಗ ಬ್ಯಾಂಕಿನವರು ಕಟ್ಟುತ್ತಿದ್ದಾರೆ, ಅದೂ ಯಂತ್ರದ ಹೆಸರಲ್ಲಿ. ನಿಯೋಗೆ ಕೊಡುವ ತಿಂಗಳ 499 ಡಾಲರ್ ಅಂದರೆ ಸುಮಾರು 44,000 ರೂಪಾಯಿ. ಬೆಂಗಳೂರಿನ ಒಂದು ಮನೆ ಪಾತ್ರೆ, ಕಸ, ನೆಲ ಒರೆಸುವುದಕ್ಕೆ ಕೊಡುವ ಸಂಬಳದ ಎಷ್ಟೋ ಪಟ್ಟು ಅದು. 2025ರ ಮಾರ್ಚ್‌ನಲ್ಲಿ ಅರ್ಬನ್ ಕಂಪನಿ ಮುಂಬೈನಲ್ಲಿ ಮನೆಗೆಲಸದ ಸೇವೆ ಶುರುಮಾಡಿದಾಗ ಆರಂಭಿಕ ದರ ಗಂಟೆಗೆ 49 ರೂಪಾಯಿ. ಕೈಗೆ ಇಷ್ಟು ಕಡಿಮೆ ಬೆಲೆ ಇರುವ ಕಡೆ ಹ್ಯೂಮನಾಯ್ಡ್ ಬೇಗ ಬರುವುದಿಲ್ಲ. ಅದು ಮೊದಲು ಹೋಗುವುದು ಮುದುಕರು ಜಾಸ್ತಿ, ಕೂಲಿ ದುಬಾರಿ ಇರುವ ದೇಶಗಳಿಗೆ.

ಆದರೆ ಅದಕ್ಕೆ ಕೆಲಸ ಕಲಿಸುವ ಕೈ ನಮ್ಮ ಪಕ್ಕದಲ್ಲೇ ಇದೆ. ತಮಿಳುನಾಡಿನ ಕರೂರು ಟವೆಲ್, ಬೆಡ್‌ಶೀಟ್ ನೇಯ್ದು ಹೊರದೇಶಕ್ಕೆ ಕಳಿಸುವ ಊರು. ಅಲ್ಲಿನ ಒಂದು ಡೇಟಾ ಕಂಪನಿಯಲ್ಲಿ ಹುಡುಗರು ಹಣೆಗೆ ಕ್ಯಾಮೆರಾ ಕಟ್ಟಿಕೊಂಡು ಟವೆಲ್ ಮಡಚುವುದನ್ನು 2025ರ ನವೆಂಬರ್‌ನಲ್ಲಿ ಲಾಸ್ ಏಂಜಲೀಸ್ ಟೈಮ್ಸ್ ವರದಿ ಮಾಡಿತು. ಬಲಗಡೆಯ ಬುಟ್ಟಿಯಿಂದ ಬಲಗೈಯಲ್ಲೇ ಟವೆಲ್ ಎತ್ತಬೇಕು. ಎರಡೂ ಕೈಯಲ್ಲಿ ಕೊಡವಿ ನೇರ ಮಾಡಬೇಕು. ಮೂರು ಸಲ ಮಡಚಿ ಮೇಜಿನ ಎಡಮೂಲೆಯಲ್ಲಿ ಇಡಬೇಕು. ದಿನವಿಡೀ ಇದೇ. ಆ ವಿಡಿಯೋಗಳು ರೋಬೋಟ್‌ಗಳಿಗೆ ಪಾಠವಾಗಿ ಅಮೆರಿಕಕ್ಕೆ ಹೋಗುತ್ತವೆ. ನಡುವೆ ಒಂದು ಹೆಜ್ಜೆ ತಪ್ಪಿದರೆ, ಅಥವಾ ಒಂದು ಟವೆಲ್‌ಗೆ ಒಂದು ನಿಮಿಷ ದಾಟಿದರೆ, ಮತ್ತೆ ಮೊದಲಿನಿಂದ ಮಡಚಬೇಕು.